ಎಡಗಡೆ ಒಂದು ಬೆರಳು ತಗ್ಗು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬೆಳಗಿನಿಂದ ಕೂತಿದ್ದೇನೆ. ಗಾಡಿಯಿಂದ ಶುರು ಮಾಡಿದರೆ ಇದು ಗಾಡಿಯ ಕಥೆ ಅಂದುಕೊಂಡು ಅರ್ಧ ಜನ ಎದ್ದು ಹೋಗುತ್ತೀರಿ. ಕಣ್ಣಿನಿಂದ ಶುರು ಮಾಡಿದರೆ ಉಳಿದ ಅರ್ಧ ಜನ ಕರ್ಚೀಫು ಹುಡುಕುತ್ತೀರಿ. ನನಗೆ ಎರಡೂ ಬೇಡ. ಕೊನೆಯವರೆಗೆ ಕೂತು ಓದುವ, ನಡುನಡುವೆ ನನ್ನನ್ನು ಬೈದುಕೊಳ್ಳುವ ಒಬ್ಬ ಓದುಗ ಸಿಕ್ಕರೆ ಸಾಕು.

ಮೊದಲ ಡ್ರಾಫ್ಟಿನ ಮೊದಲ ವಾಕ್ಯ ಹೀಗಿತ್ತು: "ತುಂಗಭದ್ರೆಯ ಸೇತುವೆಯ ಮೇಲೆ ಆ ಬೆಳ್ಳನೆಯ ಭಾರಿ ಗಾಡಿ ಆನೆಯಂತೆ ತೂಗುತ್ತ ಬಂತು." ಬರೆದ ಮೇಲೆ ಎರಡು ಸಲ ಜೋರಾಗಿ ಓದಿ ಸಂತೋಷಪಟ್ಟೆ. ಆಮೇಲೆ ನೆನಪಾಯಿತು, ಗಾಡಿ ಬಂದದ್ದು ದಾವಣಗೆರೆಯಿಂದ. ದಾವಣಗೆರೆಯಿಂದ ಹರಿಹರಕ್ಕೆ ಬರುವವರು ಸೇತುವೆ ದಾಟುವುದಿಲ್ಲ, ಹೊಳೆ ಇರುವುದು ಊರಿನ ಆಚೆ ಮಗ್ಗುಲಿಗೆ. ಒಂದು ಚೆಂದದ ವಾಕ್ಯಕ್ಕೋಸ್ಕರ ಗಾಡಿಯನ್ನು ಹೊಳೆ ದಾಟಿಸಿ ವಾಪಸ್ ಕರೆತರುವಷ್ಟು ಪೆಟ್ರೋಲು ನನ್ನ ಹತ್ತಿರ ಇಲ್ಲ. ಹೊಡೆದುಹಾಕಿದೆ.

ಎರಡನೆಯ ಡ್ರಾಫ್ಟು ಹಜೀರಾಬೀಯವರಿಂದ ಶುರುವಾಗಿತ್ತು. ಅವರು ಈ ಕಥೆಯ ತಾಯಿ. "ನನ್ನ ಹೆಸರು ಮೊದಲನೇ ಸಾಲಿನಾಗ ಯಾಕ ಹಾಕೀರಿ? ಮಂದಿ ಏನಂತಾರೆ? ತೆಗೀರಿ" ಅಂದರು. ತೆಗೆದೆ.

ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ವರ್ಷ ತೊಂಬತ್ತೆಂಟು. ಊರು ಹರಿಹರ. ಇಜಾಜ್ ಎಂಬುವವನ ತಂದೆ ಮಸ್ತಾನಸಾಬರ ಎಡಗಣ್ಣಿಗೆ ಪೊರೆ ಬಂದಿದೆ. ಭಾನುವಾರ ದಾವಣಗೆರೆಯಲ್ಲಿ ಆಪರೇಷನ್ ಆಗದಿದ್ದರೆ ಆ ಕಣ್ಣು ಹೋಗುತ್ತದೆ. ತಮ್ಮ ಕಣ್ಣು ಒಂದು ಗಾಡಿಯ ಮೇಲಾದರೂ ತಪ್ಪಿದೆ ಎಂದು ತೋರಿಸಿಕೊಡುವ ತನಕ ಮಸ್ತಾನಸಾಬರು ಆಪರೇಷನ್ನಿಗೆ ಮಲಗಲು ಒಪ್ಪುವುದಿಲ್ಲ. ಹಾಗಾಗಿ ಇಜಾಜ್‌ಗೆ ಈಗ ಅಪ್ಪ ತಪ್ಪಬೇಕು.

ಇಷ್ಟೇ ಕಥೆ. ಉಳಿದದ್ದು ಗಾಳಿ.

೨

ಪಿ.ಬಿ. ರಸ್ತೆಯ ಮಗ್ಗುಲಿಗೆ ಮಸ್ತಾನಸಾಬರ ಗ್ಯಾರೇಜಿದೆ. ಲಾರಿಗಳಿಗೆ ಕಮಾನು ಪಟ್ಟಿ ಕಟ್ಟುವ ಗ್ಯಾರೇಜು. ಲಾರಿಯ ಗಾಲಿಯ ಹತ್ತಿರ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುವುದನ್ನು ನೀವು ನೋಡಿರುತ್ತೀರಿ. ಭಾರ ಹೊರುವುದು ಅವೇ. ಒಂದು ಮಗ್ಗುಲಿನ ಪಟ್ಟಿ ಸೋತರೆ ಲಾರಿ ಆ ಕಡೆಗೆ ವಾಲುತ್ತದೆ, ಆಗ ಡ್ರೈವರುಗಳು ಇಲ್ಲಿಗೆ ಬರುತ್ತಾರೆ.

ಬಂದ ಗಾಡಿಯನ್ನು ಅಂಗಳದಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸಬೇಕು. ಮಸ್ತಾನಸಾಬರು ಬಂದು ಷಟರಿನ ಕಂಬದ ಪಕ್ಕ, ಅದೂ ಒಂದೇ ಜಾಗದಲ್ಲಿ, ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಬಲಗಣ್ಣು ಮುಚ್ಚುತ್ತಾರೆ. ಎಡಗಣ್ಣಿನಿಂದ ಗಾಡಿಯ ಮೂತಿ ನೋಡುತ್ತಾರೆ. "ಎಡಗಡೆ ಒಂದು ಬೆರಳು ತಗ್ಗು" ಅನ್ನುತ್ತಾರೆ. ಇಜಾಜ್ ಎಡಗಡೆ ಒಂದು ಪಟ್ಟಿ ಸೇರಿಸಿ ಎತ್ತುತ್ತಾನೆ. ಅವರು ಮತ್ತೆ ಕೂತು ನೋಡಿ ತಲೆ ಆಡಿಸಿದರೆ ಗಾಡಿ ಹೊರಡಬಹುದು. (ಎಡ ಅಂದರೆ ಗಾಡಿಯ ಎಡ, ನೋಡುವವರ ಎಡವಲ್ಲ. ಇದನ್ನು ನಾನೂ ಮೊದಲು ತಪ್ಪು ಬರೆದಿದ್ದೆ.)

ಮೊದಲೆಲ್ಲ ಅವರು ಒಂದು ಗಾಡಿಗೆ ಎಡ ಅಂದರೆ ಇನ್ನೊಂದಕ್ಕೆ ಬಲ ಅನ್ನುತ್ತಿದ್ದರು. ಈಗ ಎರಡು ವರ್ಷದಿಂದ ಬಹಳಷ್ಟು ಗಾಡಿಗಳಿಗೆ ಎಡವೇ ಬರುತ್ತಿದೆ. ಯಾರೂ ಅದನ್ನು ಗಮನಿಸಲಿಲ್ಲ. ನೀವೂ ಗಮನಿಸದ ಹಾಗೆ ಇದನ್ನು ಪ್ಯಾರಾದ ನಡುವೆ ಬಚ್ಚಿಡಬೇಕೆಂದಿದ್ದೆ, ಆಗಲಿಲ್ಲ.

ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡುವುದು ಅವರು ಹುಡುಗರಾಗಿದ್ದಾಗ ಉಸ್ತಾದರಿಂದ ಕಲಿತದ್ದು. ಪೊರೆ ಬಂದು ಪೂರ್ತಿ ಬಲಿತಿರುವುದು ಎಡಗಣ್ಣಿಗೆ. ರೂಢಿ ಮಾತ್ರ ಹಾಗೇ ಇದೆ. ಅಷ್ಟಿಷ್ಟು ಕಾಣುವ ಕಣ್ಣನ್ನು ಮುಚ್ಚಿ, ಕಾಣದ ಕಣ್ಣನ್ನು ತೆರೆದು, ಅವರು ಪ್ರತಿದಿನ ತೀರ್ಪು ಕೊಡುತ್ತಾರೆ.

ಬಲಗಣ್ಣಿಗೂ ಮಂಜು ಹತ್ತುತ್ತಿದೆ. ಚಹಾ ಕೊಟ್ಟರೆ ಅವರ ಕೈ ಗ್ಲಾಸಿನಿಂದ ಒಂದು ಬೆರಳು ಆಚೆ ಹೋಗುತ್ತದೆ. ಇಜಾಜ್ ಗ್ಲಾಸನ್ನು ಆ ಕಡೆಗೆ ಸರಿಸುತ್ತಾನೆ. ಎಷ್ಟು ಮೆತ್ತಗೆ ಸರಿಸುತ್ತಾನೆಂದರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

(ಅಪ್ಪ ಮಗ ಮನೆಯಲ್ಲಿ ಆಡುವುದು ಉರ್ದು, ಗಿರಾಕಿಗಳ ಮುಂದೆ ಕನ್ನಡ. ನನ್ನ ಉರ್ದು ಬಜಾರಿನಲ್ಲಿ ಚೌಕಾಸಿ ಮಾಡುವಷ್ಟು ಮಾತ್ರ. ಆದ್ದರಿಂದ ಇಡೀ ಕಥೆ ಗಿರಾಕಿಗಳ ಮುಂದೆಯೇ ನಡೆಯುತ್ತಿದೆ ಅಂದುಕೊಳ್ಳಿ. ಮಗ ಅಪ್ಪನನ್ನು ಕರೆಯುವ 'ಅಬ್ಬಾ' ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

೩

ಕಣ್ಣಿನ ಡಾಕ್ಟರು ವಯಸ್ಸಾದವರು, ಸಮಾಧಾನದವರು. ಟಾರ್ಚು ಹಿಡಿದು ನೋಡಿ, "ಯಜಮಾನರೇ, ಪೊರೆ ಅತಿಯಾಗಿ ಬಲಿತಿದೆ. ಇನ್ನು ಬಿಟ್ಟರೆ ಒಳಗೇ ಒಡೆದು ಕಣ್ಣಿನ ಪ್ರೆಶರ್ ಏರುತ್ತದೆ. ಆಮೇಲೆ ಏನು ಮಾಡಿದರೂ ಬೆಳಕು ವಾಪಸ್ ಬರುವುದಿಲ್ಲ. ಭಾನುವಾರ ಬಂದು ಅಡ್ಮಿಟ್ ಆಗಿ" ಅಂದರು.

"ನನ್ನ ಕಣ್ಣಿಗೆ ಏನಾಗೈತ್ರಿ?" ಅಂದರು ಮಸ್ತಾನಸಾಬರು. "ಮುಖ ಸ್ವಲ್ಪ ಮಸಕು ಕಾಣ್ತಾವೆ, ಅಷ್ಟೇ. ಗಾಡಿ ಕಾಣ್ತಾವೆ. ನಾನು ನೋಡಿದ ಗಾಡಿ ಇವತ್ತಿನ ತನಕ ಒಂದೂ ತಪ್ಪಿಲ್ಲ. ತಪ್ಪಿದ ದಿನ ಹೇಳ್ರಿ, ಅವತ್ತೇ ಬಂದು ಮಲಗ್ತೀನಿ."

ಅದನ್ನು ಅವರು ಹೆಂಡತಿಯ ಮುಂದೆ, ಮಗನ ಮುಂದೆ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಷ್ಟೂ ರೋಗಿಗಳಿಗೆ ಕೇಳುವ ಹಾಗೆ ಹೇಳಿದರು. ಆಡಿದ ಮಾತಿಗೆ ತಪ್ಪುವ ಮನುಷ್ಯರಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಕಮಾನು ಪಟ್ಟಿಯ ಕೆಲಸದಲ್ಲಿ ಗಾಡಿ ಸರಿಯಾಯಿತೋ ಇಲ್ಲವೋ ಎಂದು ಹೇಳುವುದೇ ಅವರ ಕಣ್ಣು. ಆ ಕಣ್ಣು ತಪ್ಪಿದೆಯೋ ಇಲ್ಲವೋ ಎಂದು ಮತ್ತೆ ಅದನ್ನೇ ಕೇಳಬೇಕು.

ಮನೆಗೆ ಬರುವ ದಾರಿಯಲ್ಲಿ ಹಜೀರಾಬೀ ಮಗನಿಗೆ ಅಂದರು: "ಹೆಂಗಾರ ಮಾಡು. ಸುಳ್ಳು ಹೇಳು ಅಂತ ನಾನು ಹೇಳಲ್ಲ. ಹೇಳಬ್ಯಾಡ ಅಂತಾನೂ ಹೇಳಲ್ಲ."

(ಕಣ್ಣಿಗೂ ಪ್ರೆಶರ್ ಇರುತ್ತದೆ ಎಂಬುದು ನಾನು ಕಥೆಗಾಗಿ ಹೊಸೆದದ್ದಲ್ಲ. ಮುಂದೆ ಬರುವ ಗಾಡಿಗೂ ಪ್ರೆಶರ್‌ದೇ ಕಾಯಿಲೆ. ಎರಡೂ ಒಂದೇ ಕಥೆಯಲ್ಲಿ ಬಂದದ್ದಕ್ಕೆ ನನಗೇ ಮುಜುಗರವಾಗಿದೆ. ಬೇಕಾದರೆ ಒಂದನ್ನು ಮರೆತುಬಿಡಿ.)

೫

(ನಾಲ್ಕನ್ನು ಕಿತ್ತುಹಾಕಿದ್ದೇನೆ. ಅದರಲ್ಲಿ ಹೊಳೆಯ ವರ್ಣನೆ ಇತ್ತು.)

ದಾವಣಗೆರೆಯ ಸರಸ್ವತಿ ನಗರದ ನಾಗರಾಜಪ್ಪನವರು ಬಟ್ಟೆ ವ್ಯಾಪಾರಿ. ಅವರ ಹೆಂಡತಿ ಮರುಳಸಿದ್ದಮ್ಮನವರಿಗೆ ಶ್ರೀಶೈಲಕ್ಕೆ ಹೋಗುವ ಆಸೆ ಬಹಳ ಕಾಲದ್ದು. ಆದರೆ ದಾರಿಯಲ್ಲಿ ಕಂಡ ಕಂಡಲ್ಲಿ ಇಳಿದು ಪೊದೆ ಹುಡುಕಲು ಅವರು ತಯಾರಿಲ್ಲ. "ಕಕ್ಕಸು ಇರೋ ಗಾಡಿ ತಂದ ದಿನ ಬರ್ತೀನಿ" ಅಂದುಬಿಟ್ಟಿದ್ದರು. ಆಗುವುದಿಲ್ಲ ಅನ್ನುವುದಕ್ಕೆ ಹೆಂಗಸರು ಹೀಗೆ ಹೇಳುತ್ತಾರೆ. ನಾಗರಾಜಪ್ಪನವರು ಮುಂಬಯಿಗೆ ಮಾಲು ತರಲು ಹೋದವರು ಬಂದರಿನ ಹರಾಜಿನಲ್ಲಿ ನಿಜಕ್ಕೂ ಅಂಥದೊಂದು ಗಾಡಿಯನ್ನು ಕಂಡು, ಕೂಗಿ, ತಂದುಬಿಟ್ಟರು. ಅಮೆರಿಕದ್ದು. ಸ್ಟೇರಿಂಗು ಎಡಗಡೆ. ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಕಕ್ಕಸು. ಅವರು ಅದನ್ನು ಮೋಟಾರ್ ಹೋಮ್ ಅನ್ನುತ್ತಿದ್ದರು, ಬೀದಿಯವರು ಮನೆಗಾಡಿ ಅಂದರು. (ರಿಜಿಸ್ಟ್ರೇಷನ್ ಹೇಗಾಯಿತು ಎಂದು ಕೇಳಬೇಡಿ. ಕಾಗದಪತ್ರ ಸರಿ ಮಾಡಿಸುವುದು ಬೇರೆಯೇ ಕಥೆ, ಅದನ್ನು ಬರೆಯಲು ನನಗೆ ಧೈರ್ಯವಿಲ್ಲ.)

ಗಾಡಿಯ ಮುಂದಿನ ಎರಡು ಗಾಲಿಗಳ ಹತ್ತಿರ ಪಟ್ಟಿಗಳ ಬದಲು ದಪ್ಪ ಸುರುಳಿ ಸ್ಪ್ರಿಂಗುಗಳಿವೆ. ಒಂದೊಂದು ಸುರುಳಿಯ ಹೊಟ್ಟೆಯಲ್ಲಿ ಒಂದೊಂದು ರಬ್ಬರಿನ ಗಾಳಿಚೀಲ. ಚೀಲಕ್ಕೆ ಗಾಳಿ ತುಂಬಿದರೆ ಗಾಡಿಯ ಮೂತಿ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ದಾವಣಗೆರೆಯಲ್ಲಿ ಪಂಕ್ಚರ್ ಅಂಗಡಿಯವನೊಬ್ಬ ಅದನ್ನೂ ಟೈರಿನ ಲೆಕ್ಕದಲ್ಲೇ ಗಟ್ಟಿಯಾಗಿ ತುಂಬಿದ. ರೈಲ್ವೆ ಗೇಟು ದಾಟುವಾಗ ಮರುಳಸಿದ್ದಮ್ಮನವರ ತಲೆ ಚಾವಣಿಗೆ ಬಡಿಯಿತು. ಪೂರ್ತಿ ಬಿಟ್ಟ ಮೇಲೆ ಗಾಡಿ ರಸ್ತೆಯ ಪ್ರತಿ ಉಬ್ಬಿಗೂ ಮೂತಿ ಉಜ್ಜತೊಡಗಿತು. ಆಗ ಯಾರೋ ಹರಿಹರಕ್ಕೆ ಒಯ್ಯಿರಿ ಅಂದರು.

"ಇದು ನಮ್ಮ ಕೆಲಸ ಅಲ್ಲ ಸಾವ್ಕಾರ್ರೇ" ಅನ್ನಲು ಇಜಾಜ್ ಬಾಯಿ ತೆರೆದಿದ್ದ. ಅಷ್ಟರಲ್ಲಿ ನಾಗರಾಜಪ್ಪನವರು ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಕೈಗಿಟ್ಟರು. ಪಿಯುಸಿವರೆಗೆ ಓದಿದ ಇಜಾಜ್ ಅಕ್ಷರ ಅಕ್ಷರ ಕೂಡಿಸಿ ಆ ಪುಟಗಳನ್ನು ಓದಿದ. ಪ್ರಯಾಣಕ್ಕೆ ಹೊರಟಾಗ ಎಷ್ಟು ಜನ, ಎಷ್ಟು ನೀರು, ಎಷ್ಟು ಸಾಮಾನು ಇರುತ್ತದೋ ಅಷ್ಟನ್ನೂ ತುಂಬಿ ಮುಂದಿನ ಗಾಲಿಗಳ ತೂಕ ನೋಡಬೇಕು. ತೂಕಕ್ಕೆ ತಕ್ಕಷ್ಟು ಗಾಳಿ ತುಂಬಬೇಕು. ಆಮೇಲೆ ಎತ್ತರ ಅಳೆಯಬೇಕು, ಆದರೆ ನೆಲದಿಂದ ಅಲ್ಲ. ಗಾಡಿಯ ಕೆಳಗೆ ಮಲಗಿ, ಚಾಸಿಗೂ ಗಾಲಿ ಹೊತ್ತ ತೋಳಿಗೂ ನಡುವಿನ ಅಂತರ. ಎರಡೂ ಕಡೆ ಅಂತರ ಒಂದೇ ಬಂದರೆ ಗಾಡಿ ಸರಿ.

ಅವನು ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದ. ಇದೊಂದು ಗಾಡಿಗೆ ಯಾರ ಕಣ್ಣೂ ಬೇಕಾಗಿರಲಿಲ್ಲ. ಟೇಪೇ ಹೇಳುತ್ತಿತ್ತು.

"ಆಗಲಿ ಸಾವ್ಕಾರ್ರೇ, ಮಾಡಿಕೊಡ್ತೀನಿ" ಅಂದ. "ಶನಿವಾರ ಮಾತ್ರ ಮನಿ ಮಂದಿನೆಲ್ಲ ಕರ್ಕೊಂಡು, ಸಾಮಾನು ತುಂಬಿ, ಅಲ್ಲೇ ತೂಕ ಮಾಡಿಸಿ ಗಾಡಿ ತರಬೇಕು."

೫ (ಮುಂದುವರಿದದ್ದು, ಓದದಿದ್ದರೂ ನಡೆಯುತ್ತದೆ)

ಆ ಗಾಳಿಚೀಲ ಬಹಳ ಸಣ್ಣದು. ಎಷ್ಟು ಪೌಂಡ್ ಇದೆ ಎಂದು ನೋಡಲು ಗೇಜು ಹಚ್ಚಿದರೆ ಹಚ್ಚುವಾಗ ಒಂದಿಷ್ಟು, ತೆಗೆಯುವಾಗ ಒಂದಿಷ್ಟು ಗಾಳಿ ಹೋಗುತ್ತದೆ. ನೋಡಿದಷ್ಟೂ ಕಡಿಮೆಯಾಗುತ್ತದೆ. ಇಜಾಜ್ ಎರಡು ಸಲ ನೋಡಿ, ಎರಡು ಸಲ ಸೈಕಲ್ ಪಂಪಿನಿಂದ ತುಂಬಿ, ಮೂರನೆಯ ಸಲ ನೋಡುವುದನ್ನೇ ಬಿಟ್ಟ. ನಾನು ಮಾತ್ರ ಈ ಕಥೆಯನ್ನು ಮತ್ತೆ ಮತ್ತೆ ಓದಿ ನೋಡುವ ಚಟ ಬಿಟ್ಟಿಲ್ಲ. ಶುರುವಿನಲ್ಲಿ ಇದು ಇನ್ನೂ ಉದ್ದ ಇತ್ತು.

೬

ಶನಿವಾರ. ಬೆಳಗ್ಗೆ ದಾವಣಗೆರೆಯ ಎಪಿಎಂಸಿ ಯಾರ್ಡಿನ ಕಾಟಾದ ಮೇಲೆ ತೂಕ ಮುಗಿಸಿಕೊಂಡು ಮನೆಗಾಡಿ ಮಧ್ಯಾಹ್ನಕ್ಕೆ ಹರಿಹರಕ್ಕೆ ಬಂತು. ಟ್ಯಾಂಕಿನ ತುಂಬ ನೀರು, ಕೊಕ್ಕನೂರಿನ ಹೊಲದಿಂದ ಬಂದ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಹೆಸರಿಗೆ ದೊಡ್ಡದಾದ ಒಂದು ಮಂಡಕ್ಕಿ ಚೀಲ. ಮುಂದಿನ ಸೀಟಿನಲ್ಲಿ ಮರುಳಸಿದ್ದಮ್ಮ. ಕಾಟಾದವನು ತೂಕವನ್ನು ಜೋರಾಗಿ ಕೂಗಬಾರದು ಎಂಬ ಷರತ್ತಿನ ಮೇಲೆ ಅವರು ಬಂದಿದ್ದರು.

"ಸಾವ್ಕಾರ್ರನ್ನ ಬಿಟ್ಟು ಯಾರೂ ಇಳೀಬ್ಯಾಡ್ರಿ" ಅಂದ ಇಜಾಜ್. "ಅಮ್ಮಾರೇ, ನಾನು ಹೇಳೋ ತನಕ ಹಂಗೇ ಕೂತಿರ್ರಿ."

"ಉಸಿರಾಡಬೌದಲ್ಲಪ್ಪ?" ಅಂದರು ಮರುಳಸಿದ್ದಮ್ಮ.

ಗಾಡಿ ಅಂಗಳದ ಆ ಒಂದೇ ಜಾಗದಲ್ಲಿ ನಿಂತಿತು. ಪುಸ್ತಕ ಹೇಳಿದಷ್ಟು ಗಾಳಿಯನ್ನು ಇಜಾಜ್ ಎರಡೂ ಚೀಲಗಳಿಗೆ ತುಂಬಿದ. ಮೂತಿ ಮೆಲ್ಲಗೆ ಎದ್ದು ನಿಂತಿತು. ನಾಗರಾಜಪ್ಪನವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಚೆಂದ ಕಾಣ್ತೈತೆ" ಅಂದರು. ಆಮೇಲೆ, ತಾವು ಕೇಳದಿದ್ದರೆ ಮರ್ಯಾದೆ ಅಲ್ಲ ಎನ್ನುವ ಹಾಗೆ, "ಮಸ್ತಾನಣ್ಣ, ನೀವೊಂದು ಸಲ ನೋಡಿಬಿಡ್ರಿ" ಅಂದರು.

ಮಸ್ತಾನಸಾಬರು ಬಂದರು. ಕಂಬವನ್ನು ಕೈಯಿಂದ ಮುಟ್ಟಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬಲಗಣ್ಣು ಮುಚ್ಚಿದರು.

"ಎಡಗಡೆ ಒಂದು ಬೆರಳು ತಗ್ಗು" ಅಂದರು.

ಇಜಾಜ್ ಟೇಪು ಹಿಡಿದು ಗಾಡಿಯ ಕೆಳಗೆ ನುಸುಳಿದ. ಎಡಗಡೆ ಅಳೆದ. ಬಲಗಡೆ ಅಳೆದ. ಮತ್ತೆ ಎಡಕ್ಕೆ ತೆವಳಿ ಇನ್ನೊಂದು ಸಲ ಅಳೆದ. ಎರಡೂ ಒಂದೇ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮಲಗಿದಲ್ಲೇ ಅವನಿಗೆ ಖುಷಿಯಾಯಿತು. ಅಪ್ಪ ತಪ್ಪಿದ್ದರು. ಭಾನುವಾರ ಬೆಳಗಿನ ಬಸ್ಸು, ಡಾಕ್ಟರು, ಕಣ್ಣಿಗೆ ಕಟ್ಟುವ ಹಸಿರು ಬಟ್ಟೆಯ ಪಟ್ಟಿ, ಎಲ್ಲ ಕಣ್ಣ ಮುಂದೆ ಬಂತು. ಅಪ್ಪ ಸೋತದ್ದಕ್ಕೆ ಹೀಗೆ ಹಿಗ್ಗುತ್ತಿರುವ ಮಗ ತಾನು ಎಂದು ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಎರಡನ್ನೂ ಅನುಭವಿಸುತ್ತ ಅವನು ಸ್ವಲ್ಪ ಹೊತ್ತು ಗಾಡಿಯ ಕೆಳಗೇ ಇದ್ದ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸಭ್ಯ ಕಥೆಯಾಗುತ್ತಿತ್ತು.

೭

ಇಜಾಜ್ ಹೊರಗೆ ಬಂದ. ಬಂದವನು ಸುಮ್ಮನೆ ಎದ್ದು ನಿಲ್ಲಬೇಕಿತ್ತು. ಆದರೆ ಲಾರಿಗಳಿಗೆ ಮಾಡಿ ಮಾಡಿ ಕೈಗೆ ಹತ್ತಿದ ರೂಢಿ. ಟೇಪನ್ನು ನೆಲದಿಂದ ಬಂಪರಿನ ತುದಿಗೆ ಹಿಡಿದ. ಬಲಗಡೆ ಒಂದು ಸಲ, ಎಡಗಡೆ ಒಂದು ಸಲ.

ಎಡಗಡೆ ಒಂದು ಬೆರಳು ತಗ್ಗಿತ್ತು.

ಅವನಿಗೆ ತಲೆ ಓಡಲಿಲ್ಲ. ಕೆಳಗೆ ಸಮ, ಹೊರಗೆ ತಗ್ಗು. ಹಳೆಯ ಬೇರಿಂಗುಗಳ ಡಬ್ಬಿಯಿಂದ ಒಂದು ಉಕ್ಕಿನ ಗುಂಡು ತೆಗೆದು ಗಾಡಿಯ ಮುಂದೆ ನೆಲದ ಮೇಲಿಟ್ಟ. ಅದು ಒಂದು ಕ್ಷಣ ನಿಂತಿತು. ಆಮೇಲೆ ನಿಧಾನವಾಗಿ ಎಡಗಡೆಗೆ ಉರುಳುತ್ತ ಹೋಗಿ ಚರಂಡಿಗೆ ಬಿತ್ತು.

ಎರಡು ವರ್ಷದ ಹಿಂದೆ, ಗಾಡಿ ತೊಳೆದ ನೀರು ಹೋಗಲಿ ಎಂದು ಮಸ್ತಾನಸಾಬರೇ ಆಳು ಹಚ್ಚಿ ತೋಡಿಸಿದ ಚರಂಡಿ ಅದು. ಅದರ ಪಕ್ಕದ ಮಣ್ಣು ಸಡಿಲವಾಗಿ, ಲಾರಿಗಳು ನಿಂತು ನಿಂತು, ಆ ಮಗ್ಗುಲು ವಾಲಿ, ಎಡ ಗಾಲಿ ಊರುವ ಕಡೆ ಒಂದು ಬೆರಳು ಕುಸಿದಿತ್ತು. ಗಾಡಿಯಲ್ಲಿ ಏನೂ ತಪ್ಪಿರಲಿಲ್ಲ. ವಾಲಿದ್ದು ಅಂಗಳ.

ಅಂದರೆ ಅಪ್ಪ ಹೇಳಿದ್ದು ಸರಿ. ಗಾಡಿ ನಿಂತಿರುವುದು ಎಡಗಡೆ ಒಂದು ಬೆರಳು ತಗ್ಗಾಗಿಯೇ. ಕಾಣದ ಕಣ್ಣಿಗೆ ಅದು ಹೇಗೆ ಕಂಡಿತು? ಅದೇ ವಾಲಿದ ನೆಲದ ಮೇಲೆ ದಿನವೂ ಕುಕ್ಕರುಗಾಲಲ್ಲಿ ಕೂರುವ ಮನುಷ್ಯನಿಗೆ ಕಾಲು ಹೇಳಿತೋ, ಸೊಂಟ ಹೇಳಿತೋ, ಇಜಾಜ್‌ಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇನ್ನೊಂದು. ಈ ಎರಡು ವರ್ಷದಲ್ಲಿ ಅಪ್ಪ ಎಡ ತಗ್ಗು ಅಂದ ಅಷ್ಟೂ ಲಾರಿಗಳಿಗೆ ತಾನು ಎಡಗಡೆ ಒಂದು ಪಟ್ಟಿ ಹೆಚ್ಚಿಗೆ ಕಟ್ಟಿ ಕಳಿಸಿದ್ದ. ಸಮ ನೆಲದ ಮೇಲೆ ಅವೆಲ್ಲ ಬಲಕ್ಕೆ ವಾಲಿಕೊಂಡು ಓಡಾಡುತ್ತಿವೆ.

೭ ಮತ್ತು ೮ರ ನಡುವೆ

"ಆ ಗುಂಡು ಯಾಕ ಉರುಳಿಸಿದ್ರಿ?" ಅಂದ ಇಜಾಜ್. ನಾಗರಾಜಪ್ಪನವರಿಗಲ್ಲ, ನನಗೆ.

ನೀನೇ ಉರುಳಿಸಿದ್ದು ಅಂದೆ.

"ನೀವು ಬರೆದಿದ್ದಕ್ಕ ಉರುಳಿಸಿದೆ. ಗಾಡಿ ಕೆಳಗೆ ಅಳತಿ ಸಮ ಬಂದಿತ್ತು. ಅಲ್ಲಿಗೆ ನಿಲ್ಲಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾಳೆ ನಮ್ಮಪ್ಪ ಆಸ್ಪತ್ರಿಗೆ ಬರ್ತಿದ್ದ."

ಓದುಗರಿಗೆ ಒಂದು ತಿರುವು ಬೇಕಾಗುತ್ತದೆ ಎಂದೆ. ಹೇಳುವಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಗೊತ್ತಾಯಿತು.

"ಓದೋರು ಬಂದು ನಮ್ಮಪ್ಪನ್ನ ಕೈ ಹಿಡಿದು ನಡಸ್ತಾರೇನ್ರಿ?"

ಬೇಕಾದರೆ ಗುಂಡನ್ನು ಅಳಿಸಿಬಿಡುತ್ತೇನೆ ಅಂದೆ. ಅವನು ಚರಂಡಿಯ ಕಡೆ ನೋಡಿದ. "ಬ್ಯಾಡ ಬಿಡ್ರಿ" ಅಂದ. "ನಾನು ನೋಡಿಯಾತು."

೮

ಅಷ್ಟು ಹೊತ್ತಿಗೆ ಚಹಾ ಕುಡಿಯಲೆಂದು ರಸ್ತೆ ಮಗ್ಗುಲಿಗೆ ಲಾರಿ ನಿಲ್ಲಿಸಿದ್ದ ಉಚ್ಚೆಂಗಪ್ಪ ಮನೆಗಾಡಿ ನೋಡಲು ಒಳಗೆ ಬಂದ. ಈ ಎರಡು ವರ್ಷದ ಲಾರಿಗಳಲ್ಲಿ ಅವನದೂ ಒಂದು. ಇಜಾಜ್ ಕೇಳಿಯೇಬಿಟ್ಟ.

"ಗಾಡಿ ಹೆಂಗೈತಣ್ಣ? ಬಲಕ್ಕ ಏನಾರ ವಾಲ್ತೈತಾ?"

"ವಾಲೋದಾ?" ಅಂದ ಉಚ್ಚೆಂಗಪ್ಪ. "ನಿಮ್ಮಪ್ಪನ ಕಣ್ಣು ಬಿದ್ದ ಮ್ಯಾಲೆ ಗಾಡಿ ದಾರ ಹಿಡಿದಂಗೆ ಹೋಗ್ತೈತೆ. ಬ್ಯಾರೆ ಕಡೆ ಮಾಡಿಸಿದ್ರೆ ಎಡಕ್ಕ ಎಳೀತಾವೆ. ರೋಡು ನಡುವ ಉಬ್ಬು, ಅಂಚಿಗೆ ಇಳಿಜಾರು. ನಾವು ಓಡ್ಸೋದು ಎಡಗಡೆ ಅಂಚಿಗೆ. ಎಡ ಸ್ವಲ್ಪ ಎತ್ತರ ಇದ್ರೇನ ಗಾಡಿ ನೆಟ್ಟಗೆ ನಿಲ್ಲೋದು. ಅದು ನಿಮ್ಮಪ್ಪನಿಗೆ ಗೊತ್ತೈತೆ, ಅದಕ್ಕ ಹಂಗ ಮಾಡ್ತಾರೆ."

ಅದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ಇಜಾಜ್‌ಗೆ ಗೊತ್ತಿಲ್ಲ. ನಾನು ಮಸ್ತಾನಸಾಬರನ್ನೇ ಕೇಳಿದೆ. ಕಥೆಗಾರನಿಗೆ ಅಷ್ಟು ಸವಲತ್ತು ಇರುತ್ತದೆ. ಚರಂಡಿ ತೋಡಿಸಿದ ಮೇಲೆ ನೆಲ ಕುಸಿದದ್ದು ನಿಮಗೆ ಗೊತ್ತಿತ್ತೆ, ಬೇಕೆಂದೇ ಎಡ ಎತ್ತಿಸುತ್ತಿದ್ದಿರೆ, ಅಥವಾ ಇದೆಲ್ಲ ತಾನಾಗಿ ಕೂಡಿಬಂದದ್ದೆ?

ಅವರು ನಾನಿರುವ ಕಡೆಗೆ, ಅಂದರೆ ನಾನಿರುವ ಕಡೆಗಿಂತ ಸ್ವಲ್ಪ ಆಚೆಗೆ, ತಿರುಗಿದರು. "ಅದನ್ನ ಬರೀಬ್ಯಾಡ್ರಿ" ಅಂದರು.

ಯಾವುದನ್ನು ಬರೆಯಬಾರದು ಎಂದು ಹೇಳಲಿಲ್ಲ.

೯

ಮುಕ್ತಾಯ, ಒಂದನೆಯದು. ಇಜಾಜ್ ಗುಂಡಿನ ವಿಷಯ ಹೇಳುವುದಿಲ್ಲ. "ಅಬ್ಬಾ, ಅಳತಿ ಸಮ ಐತೆ. ನೀವು ತಪ್ಪಿದ್ರಿ" ಅನ್ನುತ್ತಾನೆ. ಮಸ್ತಾನಸಾಬರು ಎದ್ದು ಒಳಗೆ ಹೋಗುತ್ತಾರೆ. ಭಾನುವಾರ ಆಪರೇಷನ್ ಆಗುತ್ತದೆ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಗ್ಯಾರೇಜಿಗೆ ಬಂದು ಕಂಬದ ಪಕ್ಕ ಕೂರುತ್ತಾರೆ. ಅಂಗಳದಲ್ಲಿ ಗಾಡಿ ಇಲ್ಲ, ಬರೀ ನೆಲ. ಹೊಸ ಕಣ್ಣಿಗೆ ಮೊದಲು ಕಾಣುವುದು ಆ ನೆಲ ವಾಲಿರುವುದು. ಅವರು ಮಗನ ಕಡೆ ತಿರುಗುತ್ತಾರೆ. ಈ ಮುಕ್ತಾಯವನ್ನು ಇಜಾಜ್‌ಗೆ ಓದಿ ಹೇಳಿದೆ. "ಆ ಮುಖ ನಾನು ಹೆಂಗ ನೋಡ್ಲಿ?" ಅಂದ.

ಎರಡನೆಯದು. ಇಜಾಜ್ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ನೆಲ ವಾಲಿದೆ, ನಿಮ್ಮ ಕಣ್ಣು ತಪ್ಪಿಲ್ಲ. ಮಸ್ತಾನಸಾಬರು ತಲೆ ಎತ್ತಿ ನಡೆಯುತ್ತಾರೆ. ಭಾನುವಾರ ಬಂದು ಹೋಗುತ್ತದೆ. ಕೆಲವು ದಿನ ಕಳೆದ ಮೇಲೆ ಕಣ್ಣು ಕೆಂಪಗಾಗಿ, ತಲೆ ಸಿಡಿಯುವ ನೋವು ಬಂದು, ಎಡಗಡೆ ಪೂರ್ತಿ ಕತ್ತಲಾಗುತ್ತದೆ. ಇದನ್ನು ಹಜೀರಾಬೀಯವರಿಗೆ ಓದಿ ಹೇಳಲಿಲ್ಲ. ಅವರೇ ನನ್ನ ಮುಖ ನೋಡಿ, "ಆ ಹಾಳಿ ಹರೀರಿ" ಅಂದರು. ಹರಿದೆ.

ಮೂರನೆಯದರಲ್ಲಿ ನಾಗರಾಜಪ್ಪನವರು ದೊಡ್ಡ ಮನುಷ್ಯರಂತೆ ನಡುವೆ ಬಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಬಹಳ ಉದ್ದವಾಯಿತು. ಅವರಿಗೂ ಬೇಸರವಾಯಿತು.

೧೦

ಈಗ ಉಳಿದಿರುವುದು ಆ ಶನಿವಾರದ ಮಧ್ಯಾಹ್ನ ಮಾತ್ರ.

ಮಸ್ತಾನಸಾಬರು ಇನ್ನೂ ಕಂಬದ ಪಕ್ಕದಲ್ಲೇ ಇದ್ದಾರೆ. ಗಾಡಿಯ ಕೆಳಗೆ ಮಗ ಅಷ್ಟು ಹೊತ್ತು ಏನು ಅಳೆದ, ಗುಂಡು ಉರುಳಿದ ಸದ್ದು ಯಾತಕ್ಕೆ ಬಂತು, ಯಾವುದನ್ನೂ ಅವರು ಕೇಳಿಲ್ಲ. ಉಚ್ಚೆಂಗಪ್ಪ ತನ್ನ ಲಾರಿಗೆ ವಾಪಸ್ ಹೋದ. ನಾಗರಾಜಪ್ಪನವರು ಕಾಯುತ್ತಿದ್ದಾರೆ.

"ಏನು ಬಂತಪ್ಪ ಅಳತಿ?" ಅಂದರು ಮಸ್ತಾನಸಾಬರು ಕೊನೆಗೆ.

ಹಜೀರಾಬೀ ಮನೆಯಿಂದ ಕಳಿಸಿದ ಚಹಾದ ಕೆಟಲು ಬಂದಿತ್ತು. ಇಜಾಜ್ ಮೊದಲು ಅದನ್ನು ಬಗ್ಗಿಸಿದ. ಸಾವ್ಕಾರರಿಗೆ ಒಂದು ಗ್ಲಾಸು ಕೊಟ್ಟ. ಇನ್ನೊಂದು ಗ್ಲಾಸು ಹಿಡಿದು ಅಪ್ಪನ ಮುಂದೆ ಬಂದು ಕೂತ.

"ಅಬ್ಬಾ, ಚಹಾ."

ಮಸ್ತಾನಸಾಬರು ಕೈ ಚಾಚಿದರು. ಕೈ ಗ್ಲಾಸಿನಿಂದ ಒಂದು ಬೆರಳು ಆಚೆ ಹೋಯಿತು. ಇಜಾಜ್‌ನ ಕೈ ತನ್ನ ಪಾಡಿಗೆ ತಾನು ಸರಿಯಲು ಹೊರಟಿತು. ಅವನು ಅದನ್ನು ತಡೆದು ಹಿಡಿದ.

ಅಪ್ಪನ ಬೆರಳುಗಳು ಖಾಲಿ ಗಾಳಿಯನ್ನು ಹಿಡಿದು ಮುಚ್ಚಿದವು. ತೆರೆದವು. ಮತ್ತೆ ಮುಚ್ಚಿದವು. ನಾಗರಾಜಪ್ಪನವರು ಅದನ್ನು ನೋಡಿ, ನೋಡಲಿಲ್ಲ ಎನ್ನುವ ಹಾಗೆ ಗಾಡಿಯ ಕಡೆ ತಿರುಗಿಕೊಂಡರು. ಇಜಾಜ್‌ನ ಕೈಯಲ್ಲಿ ಗ್ಲಾಸು ಸುಡುತ್ತಿತ್ತು, ಆದರೂ ಅಲುಗಿಸಲಿಲ್ಲ.

"ಏನ್ರೀ ಬರೆಯೋರೆ" ಅಂದರು ಮಸ್ತಾನಸಾಬರು ಮೆಲ್ಲಗೆ, ಮಗನಿಗೆ ಕೇಳದ ಹಾಗೆ. "ಗ್ಲಾಸು ಸ್ವಲ್ಪ ಈ ಕಡೆ ಸರಿಸ್ರಿ."

ಒಂದೇ ಕ್ರಿಯಾಪದದ ಕೆಲಸ. ಎಷ್ಟೋ ಪುಟಗಳಿಂದ ಇವರನ್ನೆಲ್ಲ ಆ ಕಡೆ ಈ ಕಡೆ ಸರಿಸುತ್ತಲೇ ಬಂದಿದ್ದೇನೆ. ಪೆನ್ನು ಕಾಗದದ ಮೇಲೆ ಇಟ್ಟೆ. ಎದುರಿಗೆ ಇಜಾಜ್‌ನ ಮುಖ ಕಂಡಿತು. ಪೆನ್ನು ಎತ್ತಿಬಿಟ್ಟೆ.

ಯಾರೂ ಸರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮಸ್ತಾನಸಾಬರ ಬೆರಳು ಮೆಲ್ಲಗೆ ಗಾಳಿಯಲ್ಲಿ ತಡವುತ್ತ ಬಂದು ಗ್ಲಾಸಿಗೆ ತಗುಲಿತು. ಹಿಡಿದರು. ಕುಡಿಯಲಿಲ್ಲ. ಬಲಗಣ್ಣನ್ನೂ ತೆರೆದು, ಮಗ ಇರಬಹುದಾದ ಕಡೆಗೆ ಮುಖ ಮಾಡಿದರು.

"ಎಷ್ಟು ದಿವಸದಿಂದ ಸರಿಸ್ತಿದ್ದೀಯಪ್ಪ?" ಅಂದರು.

೧೧

ಇದಕ್ಕೆ ಉತ್ತರ ನನಗೆ ಗೊತ್ತಿದೆ, ಇಜಾಜ್‌ಗೆ ಗೊತ್ತಿದೆ. ಹೇಳಬೇಕಾದವನು ಅವನೊಬ್ಬನೇ. ಅವನು ಏನು ಹೇಳಿದ, ಭಾನುವಾರ ಬೆಳಗ್ಗೆ ಹರಿಹರದ ಬಸ್ ಸ್ಟ್ಯಾಂಡಿಗೆ ಯಾರು ಯಾರು ಬಂದರು ಎಂದು ನನ್ನನ್ನು ಕೇಳಬೇಡಿ. ಒಂಬತ್ತರಲ್ಲಿ ಮುಕ್ತಾಯಗಳಿವೆ. ಹರಿದದ್ದೊಂದನ್ನು ಬಿಟ್ಟು ಯಾವುದು ಬೇಕೋ ತೆಗೆದುಕೊಳ್ಳಿ.

ಮನೆಗಾಡಿ ಅಂಗಳದಲ್ಲಿ ಎಡಗಡೆ ಒಂದು ಬೆರಳು ತಗ್ಗಾಗಿ ನಿಂತಿದೆ. ಗಡಿಬಿಡಿಯಲ್ಲಿ ಮರುಳಸಿದ್ದಮ್ಮನವರಿಗೆ ಇಳಿಯಲು ಹೇಳುವುದನ್ನು ಎಲ್ಲರೂ ಮರೆತಿದ್ದಾರೆ. ಅವರು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೈಯಿಟ್ಟುಕೊಂಡು, ಭಾರ ಆಚೀಚೆ ಆಗದ ಹಾಗೆ, ಇನ್ನೂ ಅಲುಗಾಡದೆ ಕೂತಿದ್ದಾರೆ.